ನೀಲಿಯಲ್ಲಿ ಅದ್ದದ ಜರಡಿ

ರೆಹಾನಾ ಸ್ಲೈಡುಗಳನ್ನು ಅದಲುಬದಲು ಮಾಡಿಕೊಂಡಳು, ನಾನು ಸೆಮಿನಾರಿನಲ್ಲೇ ಹಿಡಿದುಹಾಕಿದೆ — ಯಲಹಂಕದ ನಮ್ಮ ಲ್ಯಾಬಿನಲ್ಲಿ ಹೊಸಬರಿಗೆಲ್ಲ ಹೇಳುವ ಕಥೆ ಇದು. ನನ್ನನ್ನು ಮೆಚ್ಚಿಕೊಂಡೇ ಹೇಳುತ್ತಾರೆ. ಯಾರಾದರೂ ಪುರಾವೆ ಕೇಳಿದ್ದೀರಾ? ಇಲ್ಲ. ಹಾಗಾದರೆ ಕೇಳಿ: ತಪ್ಪು ನನ್ನದು. ಗೊತ್ತಿದ್ದೂ ಅವಳ ತಲೆಗೆ ಕಟ್ಟಿದೆ.

ಹಿಮಾಲಯ ಇರುವ ಜಾಗದಲ್ಲಿ ಹಿಂದೆ ಸಮುದ್ರವಿತ್ತು. ಅದು ಯಾವಾಗ ಮುಚ್ಚಿಹೋಯಿತು ಎಂದು ಹುಡುಕುವುದು ನಮ್ಮ ಕೆಲಸ. ಅಲ್ಲಿಯ ಕಲ್ಲನ್ನು ನೆನೆಸಿ ಜರಡಿಯಲ್ಲಿ ತೊಳೆದರೆ ಮರಳಿನ ಕಣದಷ್ಟು ಚಿಕ್ಕ ಕಡಲಜೀವಿಗಳ ಚಿಪ್ಪು ಸಿಗುತ್ತವೆ; ಅವನ್ನು ಪದರದ ಗುರುತು ಬರೆದ ಸ್ಲೈಡಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಅವು ಕೊನೆಯ ಸಲ ಕಾಣುವ ಪದರವೇ ಸಮುದ್ರದ ಕೊನೆಗಾಲ. ಒಂದು ಪದರ ತೊಳೆದ ಮೇಲೆ ಜರಡಿಯನ್ನು ನೀಲಿ ಬಣ್ಣದಲ್ಲಿ ಅದ್ದಲೇಬೇಕು. ಅಂಟಿಕೊಂಡ ಹಳೆಯ ಚಿಪ್ಪು ನೀಲಿಯಾಗುತ್ತದೆ. ಮುಂದಿನ ಪದರದಲ್ಲಿ ಕಂಡರೆ ಎತ್ತಿ ಬಿಸಾಡಬಹುದು.

ಆ ದಿನ ತೊಳೆಯುವ ಸರದಿ ನನ್ನದು. ಸಂಜೆ ಚರ್ಚಾಸ್ಪರ್ಧೆಯ ಫೈನಲ್, ಹೆಬ್ಬಾಳದ ಟ್ರಾಫಿಕ್ ದಾಟಬೇಕು — ಅದ್ದಲಿಲ್ಲ. ಕೆಳಗಿನ ಪದರ ತೊಳೆದ ಜರಡಿಗೆ ಬರೀ ನಲ್ಲಿ ನೀರು ಬಿಟ್ಟು, ಮೇಲಿನ ಪದರ ಸುರಿದೆ. ಕಪ್ ಗೆದ್ದೆ ಕೂಡ.

ಸಮುದ್ರ ಮುಚ್ಚಿದ ನಂತರದ್ದು, ಚಿಪ್ಪು ಇರಲೇಬಾರದು ಎಂದುಕೊಂಡಿದ್ದ ಆ ಮೇಲಿನ ಪದರದಲ್ಲಿ ರೆಹಾನಾಗೆ ಚಿಪ್ಪು ಸಿಕ್ಕವು. ಸಮುದ್ರ ಇನ್ನೂ ಬಹುಕಾಲ ಉಳಿದಿತ್ತು ಎಂದು ತನ್ನ ಪ್ರಬಂಧದಲ್ಲಿ ಒಂದು ಅಧ್ಯಾಯವನ್ನೇ ಬರೆದಳು. ಅವಳು ಸೆಮಿನಾರಿನಲ್ಲಿ ಅದನ್ನು ಮಂಡಿಸುವಾಗ ನನಗೆ ಹೊಳೆಯಿತು — ಅವು ನನ್ನ ಜರಡಿಯಿಂದ ಬಂದವು. ಅಷ್ಟರಲ್ಲಿ ವಾದಕ್ಕೆ ಎದ್ದು ನಿಂತಾಗಿತ್ತು. ಎದ್ದ ಮೇಲೆ ಸೋಲುವುದು ನನಗೆ... ಈ ಚಿಪ್ಪು ಆ ಪದರದ್ದಲ್ಲವೇ ಅಲ್ಲ ಎಂದೆ.

"ಒಂದೂ ನೀಲಿ ಚಿಪ್ಪಿಲ್ಲ ಕಣೇ, ನೀನೇ ನೋಡು. ಜರಡಿ ಕ್ಲೀನಾಗೇ ಇತ್ತು," ಎಂದಳು ರೆಹಾನಾ. ನಾನು ಜರಡಿ ಅದ್ದಿದ್ದೇನೆಂದು ನಂಬಿ ಆಡಿದ ಮಾತು.

"ಹಾಗಾದ್ರೆ ಸ್ಲೈಡೇ ಅದಲುಬದಲಾಗಿದೆ. ಮನೆಗೆ ಆರ್.ಟಿ. ನಗರದ ಬಸ್ ಹಿಡಿಯೋ ಅರ್ಜೆಂಟಲ್ಲಿ ಸ್ಲೈಡ್ ಮಾಡೋಕೆ ಕೂತ್ರೆ ಹಿಂಗೇ ಆಗೋದು ಗುರು!" ಎಂದೆ.

ಎಲ್ಲರೂ ನಕ್ಕರು. ಅಧ್ಯಾಯ ಬಿತ್ತು. ಪಿಎಚ್‌ಡಿ ಅರ್ಧಕ್ಕೇ ಬಿಟ್ಟವಳು ಈಗ ಮನೆಯಲ್ಲಿ ಟ್ಯೂಷನ್ ಹೇಳುತ್ತಾಳೆ.

ಮೊನ್ನೆ ನಮ್ಮ ಗೈಡ್‌ಗೆ ಎಲ್ಲ ಹೇಳಿದೆ. "ಬಿಡಮ್ಮ, ಸಮುದ್ರ ಮುಚ್ಚಿದ ಕಾಲ ಸರಿಯಾಗೇ ಬಂತಲ್ಲ. ಈಗ್ಯಾಕೆ ಕೆದಕ್ತೀಯ?" ಎಂದರು. ಕಾಲ ಸರಿ ಬಂದರೆ ನಾನೂ ಸರಿಯಾಗಿಬಿಟ್ಟೆನಾ ಸರ್? ಒಪ್ಪುವುದಿಲ್ಲ. ಸೋಮವಾರ ಅದೇ ಸೆಮಿನಾರಿನಲ್ಲಿ, ಎಲ್ಲರೆದುರು ಇದನ್ನು ಓದುತ್ತೇನೆ. ನನ್ನ ಪಿಎಚ್‌ಡಿ ಹೋದರೆ ಹೋಗಲಿ.

ಕ್ಷಮೆ ಕೇಳಿ ನಿನ್ನ ಮೇಲೆ ಇನ್ನೊಂದು ಭಾರ ಹೊರಿಸುವುದಿಲ್ಲ, ರೆಹಾನಾ. ಆ ಪದರದ ಕಲ್ಲು ಇನ್ನೂ ಒಂದಿಷ್ಟು ಉಳಿದಿದೆ, ಯಾರೂ ಮುಟ್ಟಿಲ್ಲ. ನೀನೇ ಬಂದು ತೊಳೆದು ನೋಡ್ತೀಯಾ?