ಅತ್ತೆಯವರ ಕೂದಲಿಗೆ ಎರೆಮಣ್ಣು

ನಮ್ಮ ಅತ್ತೆಯವರದು ಒಂದೇ ಒಂದು ಫೋಟೋ ಇಲ್ಲ. ಅವರು ತೀರಿಕೊಂಡಾಗ ನನ್ನ ಹೆಂಡತಿ ಅಂಬೆಗಾಲಿನ ಕೂಸು. ತಾಯಿಯ ಮುಖ ಆಕೆಗೆ ನೆನಪಿಲ್ಲ. ನೆನಪಿರುವುದು ಇಳಕಲ್ಲಿನಲ್ಲಿರುವ ಆಕೆಯ ಅಕ್ಕನಿಗೆ ಮಾತ್ರ. ಇಂಥ ಸಂದರ್ಭದಲ್ಲಿ ಬುದ್ಧಿಯಿದ್ದವನು ಸುಮ್ಮನಿರುತ್ತಾನೆ. ನಾನು ಚಿತ್ರ ಬರೆದುಕೊಡುತ್ತೇನೆ ಎಂದೆ. ಅದೂ ಅಂಗಡಿಯ ಬಣ್ಣದಲ್ಲಲ್ಲ, ಈ ನೆಲದ ಬಣ್ಣದಲ್ಲಿ ಎಂದು ಊಟಕ್ಕೆ ಕುಳಿತಾಗ ಘೋಷಿಸಿಬಿಟ್ಟೆ. ಹೆಂಡತಿ ನಗಲಿಲ್ಲ. ಅಲ್ಲಿಂದಲೇ ನನಗೆ ಹೆದರಿಕೆ ಶುರುವಾದದ್ದು.

ಬಾದಾಮಿ ರಸ್ತೆಯ ಬದಿಯಿಂದ ಕೆಂಪು ಕಲ್ಲು ಬಂತು, ಹುನಗುಂದದ ಕಡೆಯ ಹಳ್ಳದ ದಂಡೆಯಿಂದ ಹಳದಿ ಮಣ್ಣು. ವಿದ್ಯಾಗಿರಿಯ ನಮ್ಮ ಮನೆಯ ಒರಳು ಬಣ್ಣದ ಕಾರ್ಖಾನೆಯಾಯಿತು.

"ಚಟ್ನಿಗೆ ಬ್ಯಾರೆ ಕಲ್ಲು ತರ್ರಿ, ನಿಮ್ಮ ಗುಡ್ಡಾ ತಿನ್ನಾಕ ಆಗಂಗಿಲ್ಲ" ಎಂದಳು ಹೆಂಡತಿ.

ಅರೆದದ್ದನ್ನು ಸೋಸಿ ಜಾಲಿ ಗಿಡದ ಅಂಟು ಬೆರೆಸಿ ಮರದ ಹಲಗೆಯ ಮೇಲೆ ಬರೆಯತೊಡಗಿದೆ. ಅಕ್ಕ ಫೋನಿನಲ್ಲಿ ಹೇಳಿದಂತೆ ಹಣೆ ಅಗಲ ಮಾಡಿದೆ, ಮೂಗು ಚೂಪು ಮಾಡಿದೆ, "ಅಷ್ಟ ಚೂಪಲ್ಲ" ಎಂದಾಗ ಅಳಿಸಿದೆ.

ಕೂದಲಿಗೆ ದೀಪದ ಕಾಡಿಗೆ ಸಾಕಿತ್ತು. ಆದರೆ ಅತ್ತೆಯವರ ತವರು ಬೇವೂರು. ತವರಿನ ಹೊಲದ ಕಪ್ಪು ಎರೆಮಣ್ಣನ್ನೇ ಅವರ ತಲೆಗೆ ಹಚ್ಚಬೇಕೆಂಬ ಘನವಾದ ವಿಚಾರ ಬಂತು. ಬೇಸಗೆಯಲ್ಲಿ ಎರೆ ಹೊಲ ಕಾಲು ಸಿಕ್ಕುವಷ್ಟು ಬಿರಿಯುವುದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ಹಲಗೆಯ ಮೇಲೆ ಮಾತ್ರ ಅದು ಮರ್ಯಾದೆಯಿಂದ ಇರುತ್ತದೆಂದು ಯಾಕೆ ನಂಬಿದೆನೋ.

ಅಕ್ಕ ಚಿತ್ರ ನೋಡಲು ಬರುವ ದಿನ ಬೆಳಿಗ್ಗೆ ನೋಡಿದರೆ ಬೈತಲೆಯಿಂದ ಕಿವಿಯವರೆಗೆ ಬಿರುಕು. ನಾನು ಅದಕ್ಕೆ ಅಂಟು ತುಂಬಿದೆ, ಒಣಗಿ ಮತ್ತೆ ಬಿರಿಯಿತು. ಒದ್ದೆ ಬಟ್ಟೆ ಒತ್ತಿದೆ. ಚಕ್ಕೆ ಎದ್ದು ಹುಬ್ಬಿನ ಮೇಲೆ ಬಿತ್ತು. ಹೊರಗೆ ಆಟೋ ನಿಂತಿತು. ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ಹೌದೆನ್ನುವವರೆಗೆ ತಾನು ಚಿತ್ರ ನೋಡುವುದಿಲ್ಲ ಎಂದು ಮೊದಲೇ ಹೇಳಿದ್ದಳು. ತಪ್ಪು ಮುಖ ಒಮ್ಮೆ ಮನಸ್ಸಿಗೆ ಹೊಕ್ಕರೆ ಹೋಗುವುದಿಲ್ಲವಂತೆ.

ಅಕ್ಕ ಚಪ್ಪಲಿ ಬಿಟ್ಟು ನೇರ ಹಲಗೆಯ ಮುಂದೆ ನಿಂತರು. ನಾನು ಬಿರುಕಿನ ಪರವಾಗಿ ಒಂದು ಭಾಷಣ ಸಿದ್ಧಮಾಡಿಕೊಂಡೆ.

"ಈಕಿ ಯಾರ?" ಎಂದರು.

"ಅವ್ವಾರ್ರಿ" ಎಂದೆ.

"ತಲಿ ಮ್ಯಾಲಿನ ಸೆರಗ ಎಲ್ಲಿ ಹೋತು? ಅಪ್ಪನ ಮುಂದ ಸುದ್ಧಾ ಅವ್ವನ ಸೆರಗು ಜಾರಿದ್ದಿಲ್ಲ ತಮ್ಮಾ. ಆಕಿ ಕೂದಲಾ ನಾನ ಸರಿಯಾಗಿ ನೋಡಿಲ್ಲ, ನೀ ಎಲ್ಲಿ ನೋಡಿದಿ?"

ಬೇವೂರಿನ ಮಣ್ಣನ್ನು ಚಾಕುವಿನಿಂದ ಕೆರೆದು ತೆಗೆದೆ. ಬಾದಾಮಿಯ ಕೆಂಪಿನಲ್ಲಿ ಹಣೆಯ ಅರ್ಧದವರೆಗೆ ಸೆರಗು ಎಳೆದೆ. ಅವಸರದಲ್ಲಿ ಅಂಚು ಸೊಟ್ಟಗಾಯಿತು.

"ಇರಲಿ ಬಿಡು, ಆಕಿ ಯಾವತ್ತ ಕನ್ನಡಿ ನೋಡಿ ಸೆರಗ ಹೊತ್ತಾಳ" ಎಂದ ಅಕ್ಕ, ಬಣ್ಣ ಆರುವ ಮೊದಲೇ ಒಳಗೆ ತಿರುಗಿ ಸಣ್ಣ ದನಿಯಲ್ಲಿ ಕರೆದರು: "ಬಾ ತಂಗಿ. ಅವ್ವ ಬಂದಾಳ."

ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ಹಲಗೆಯ ಮುಂದೆ ಕುಳಿತಳು. ಹೇಗಿದೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಒಳಗಿನಿಂದ ರೊಟ್ಟಿ ಹೊತ್ತಿದ ವಾಸನೆ ಬಂತು. ಅಕ್ಕತಂಗಿಯರಿಬ್ಬರೂ ಏಳಲಿಲ್ಲ. ನಾನೇ ಹೋಗಿ ಒಲೆ ಆರಿಸಿದೆ.