ಮುಳ್ಳು ಸಿಕ್ಕಿಕೊಳ್ಳುವ ಜಾಗ

ಕೊಳಲಿನ ಮೊದಲ ಎಳೆ ಕಿವಿಗೆ ಬಿದ್ದದ್ದೇ ತಡ, ನನ್ನ ಮೂಗಿಗೆ ಬ್ಯಾಟರಿ ನೀರಿನ ವಾಸನೆ ಬಂತು. ಅವತ್ತು ಮುತ್ತಿನಕೊಪ್ಪದ ನಮ್ಮ ಮನೆಯಲ್ಲಿ ಮಗಳ ಮಗಳಿಗೆ ಹೆಸರಿಡುವ ಶಾಸ್ತ್ರ. ನನಗೆ ನೆಲದ ಮೇಲೆ ಕಾಲಿರಲಿಲ್ಲ. ಮದುವೆಯಾಗಿ ಎಂಟು ವರ್ಷಕ್ಕೆ ಹುಟ್ಟಿದ ಕೂಸು, ಕೈಯಲ್ಲಿ ಹಿಡಿದರೆ ಬಿಸಿ ಕಡುಬಿನ ಹಾಗೆ ಮೆತ್ತಗೆ. ಬಂದವರಿಗೆಲ್ಲ ನಾನೇ ತೋರಿಸಿ, ನಾನೇ ಹೊಗಳಿ, ನಾನೇ ದೃಷ್ಟಿ ತೆಗೆದು ಸಾಕಾಗಿ ತೊಟ್ಟಿಲ ಪಕ್ಕದ ಗೋಡೆಗೆ ಒರಗಿದ್ದೆ. ಅಷ್ಟರಲ್ಲಿ ಅಳಿಯ ತನ್ನ ಮೊಬೈಲನ್ನು ಸ್ಟೀಲ್ ಚೊಂಬಿನೊಳಗೆ ಇಳಿಸಿ, "ಅತ್ತೆ, ನಿಮ್ಮ ಕಾಲದ ಹಾಡು ಹಾಕ್ತೀನಿ, ಕೇಳಿ" ಅಂದ. ಚೊಂಬಿನೊಳಗಿಂದ ಕೊಳಲು ಎದ್ದಿತು, ಅದರ ಹಿಂದೆ ಆ ಹಾಡು. ಸಿನಿಮಾದ ಹಾಡೇ. ಒಬ್ಬಳು ಹುಡುಗಿ ದಡದಲ್ಲಿ ನಿಂತು, ಎಲ್ಲಿಗೆ ಹೋಗುತ್ತೀಯ ಎಂದು ಹೊಳೆಯನ್ನು ಕೇಳುವ ಹಾಡು. ಅದನ್ನು ಕೇಳಿ ನಲವತ್ತು ವರ್ಷವಾಗಿತ್ತೋ ಏನೋ. ತೊಟ್ಟಿಲ ಹಗ್ಗ ಹಿಡಿದಿದ್ದ ನನ್ನ ಕೈ ಅಲ್ಲೇ ನಿಂತಿತು.

ನಮ್ಮ ಅಪ್ಪನದು ಮೈಕ್ ಸೆಟ್ಟಿನ ಉದ್ಯೋಗ. ನರಸಿಂಹರಾಜಪುರದ ಪೇಟೆಯಲ್ಲಿ, ರಸ್ತೆಗೆ ತಾಗಿಕೊಂಡ ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ಕಹಳೆ ಬಾಯಿಯ ಎರಡು ದೊಡ್ಡ ಹಾರನ್ನು, ಕೆಳಗೆ ಸಾಲಾಗಿ ಬ್ಯಾಟರಿ, ಮರದ ಪೆಟ್ಟಿಗೆಯಲ್ಲಿ ಕಂದು ಕಾಗದದ ಅಂಗಿ ತೊಟ್ಟ ಕಪ್ಪು ಗ್ರಾಮಫೋನ್ ಪ್ಲೇಟುಗಳು. ಬ್ಯಾಟರಿಯ ನೀರು ಸಿಡಿದು ಅಪ್ಪನ ಪಂಚೆಗಳೆಲ್ಲ ತೂತು. ಅಮ್ಮ ಅವನ್ನು ಒಣಹಾಕುವಾಗ, "ಇದನ್ನ ಉಡೋದಲ್ಲ, ಇದರಲ್ಲಿ ಹಿಟ್ಟು ಜರಡಿ ಹಿಡೀಬಹುದು" ಅನ್ನುತ್ತಿದ್ದಳು. ನಮಗೆ ಆ ಹುಳಿ ವಾಸನೆಯೇ ಅಪ್ಪ. ಕೊಪ್ಪದ ಕಡೆ, ನಾರ್ವೆ, ಭಂಡಿಗಡಿ, ಎಲ್ಲಿ ಮದುವೆಯಿದ್ದರೂ ಹಾರನ್ನು ಬಸ್ಸಿನ ತಲೆಯ ಮೇಲೆ ಕಟ್ಟಿಸಿಕೊಂಡು ಹೋಗುತ್ತಿದ್ದ. ಚಪ್ಪರದ ಪಕ್ಕದ ಎತ್ತರದ ಮರಕ್ಕೆ ಅದನ್ನು ಏರಿಸಿ ಕಟ್ಟಿದರೆ ಗುಡ್ಡದಾಚೆಯ ಮನೆಗೂ ಮದುವೆ ಶುರುವಾಯಿತು ಅಂತ ತಿಳಿಯುತ್ತಿತ್ತು. ಅಪ್ಪನದೊಂದು ಕ್ರಮವಿತ್ತು. ಮೊದಲನೆಯದು ದೇವರ ಪ್ಲೇಟು. ದಿಬ್ಬಣ ಬರುವಾಗ ವಾಲಗದ ಪ್ಲೇಟು. ಊಟದ ಹೊತ್ತಿಗೆ ಯಾರು ಏನು ಕೇಳುತ್ತಾರೋ ಅದು. ಹೆಣ್ಣು ಒಪ್ಪಿಸಿ ಕೊಟ್ಟು, ಅವಳು ಹೊಸ್ತಿಲು ದಾಟುವಾಗ ಮಾತ್ರ ಈ ಹೊಳೆಯ ಹಾಡು. ಅದನ್ನು ಬೇರೆ ಹೊತ್ತಿನಲ್ಲಿ ಯಾರು ಕೇಳಿದರೂ ಹಾಕುತ್ತಿರಲಿಲ್ಲ.

ಶಾಲೆಗೆ ರಜೆಯಿದ್ದಾಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದ, ನನ್ನನ್ನೂ ಅಕ್ಕನನ್ನೂ. ಅಕ್ಕ ಗಿರಿಜೆ, ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ನಾನು ಪದ್ಮಾವತಿ, ಅವಳ ಬಾಯಲ್ಲಿ ಪದ್ದಿ. ಶಾಲೆ ನನಗೆ ನಾಲ್ಕನೇ ಕ್ಲಾಸಿಗೆ ಮುಗಿಯಿತು, ಆದರೆ ಪ್ಲೇಟಿನ ಮೇಲಿನ ಅಕ್ಷರ ಓದಲಿಕ್ಕೆ ಅಷ್ಟು ಸಾಕಿತ್ತು. ಒಂದು ಮದುವೆಯಲ್ಲಿ ಅಪ್ಪ ಊಟಕ್ಕೆ ಕೂತಿದ್ದಾಗ ಅಕ್ಕ ತಾನೇ ಹೊಳೆಯ ಹಾಡು ಹಾಕಲು ಹೋದಳು. ಮದುವೆಗೆಂದು ಕೈತುಂಬ ಗಾಜಿನ ಬಳೆ ಇಟ್ಟಿದ್ದಳು. ತಿರುಗುವ ಪ್ಲೇಟಿನ ಮೇಲೆ ಮುಳ್ಳು ಇಳಿಸುವಾಗ ಒಂದು ಬಳೆ ಚಟ್ಟನೆ ಒಡೆದು, ಅದರ ಮೊನೆ ಪ್ಲೇಟಿನ ಮೇಲೆ ಒಂದು ಗೆರೆ ಎಳೆಯಿತು. ಅಪ್ಪ ಹೊಡೆಯಲಿಲ್ಲ. ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ, "ಕೈಗೆ ಚುಚ್ಚಿತಾ ತೋರ್ಸು" ಅಂದ, ಅಷ್ಟೆ. ಅಂದಿನಿಂದ ಮುಳ್ಳು ಅಲ್ಲಿಗೆ ಬಂದು ಸಿಕ್ಕಿಕೊಳ್ಳುತ್ತಿತ್ತು. ಹುಡುಗಿ ಹೊಳೆಯನ್ನು ಎಲ್ಲಿಗೆ ಎಂದು ಕೇಳುತ್ತಾಳೆ, ಎಲ್ಲಿಗೆ, ಎಲ್ಲಿಗೆ, ಎಲ್ಲಿಗೆ, ಅಲ್ಲೇ ಸುತ್ತುತ್ತದೆ. ಅಪ್ಪ ಬೆರಳಿನಿಂದ ಟಕ್ ಅಂತ ಮೆಲ್ಲಗೆ ತಟ್ಟಬೇಕು. ಆಗ ಮುಳ್ಳು ಒಂದು ಸಾಲು ಹಾರಿ ಮುಂದಿನ ಕೊಳಲಿಗೆ ಹೋಗಿ ಕೂರುತ್ತದೆ. ಆ ಹಾರಿಹೋದ ಸಾಲಿನಲ್ಲೇ ಇತ್ತು ಹೊಳೆ ಕೊಟ್ಟ ಉತ್ತರ.

ಹೊಸ ಪ್ಲೇಟು ತರಲಾಗಲಿಲ್ಲ. ಹಾಗಾಗಿ ನಮ್ಮ ಸೀಮೆಯಲ್ಲಿ ಎಷ್ಟೋ ಹೆಣ್ಣುಮಕ್ಕಳು ತವರಿನ ಹೊಸ್ತಿಲು ದಾಟಿದ್ದು ಆ ಉತ್ತರವಿಲ್ಲದ ಹಾಡಿಗೆ. ಮೊದಲು ಹಾಡು ಹೇಗಿತ್ತು ಎಂಬುದು ನಮಗೂ ಮರೆತುಹೋಯಿತು. ಅಕ್ಕನೂ ನಾನೂ ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಹಾಡುತ್ತಿದ್ದೆವು. ನಾನು ಮೂರು ಸಲ ಎಲ್ಲಿಗೆ ಅನ್ನುವುದು, ಅಕ್ಕ ಸೌಟಿನಿಂದ ತಪ್ಪಲೆಗೆ ಟಕ್ ಅನ್ನಿಸುವುದು, ಆಮೇಲೆ ಇಬ್ಬರೂ ಒಟ್ಟಿಗೆ ಮುಂದಕ್ಕೆ. ಹೊಳೆ ಏನು ಹೇಳಿರಬಹುದು ಅಂತ ದಿನಾ ಜಗಳ. ಸಮುದ್ರಕ್ಕೆ ಅಂತ ಅಕ್ಕ. ಅಜ್ಜಿಮನೆಗೆ ಅಂತ ನಾನು. "ಹೊಳೆಗೆ ಎಂತ ಅಜ್ಜಿಮನೆಯೇ ಮಾರಾಯ್ತಿ" ಅಂತ ಅಕ್ಕ ನೀರು ಎರಚುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು. ಹೊರಗಿನವರಿಗೆ ಹೇಳಿದರೆ ಇಷ್ಟೇನಾ ಅನ್ನಿಸುವಂಥದ್ದು.

ಶೃಂಗೇರಿಯ ಕಡೆಯಿಂದ ಅಕ್ಕನನ್ನು ನೋಡಲಿಕ್ಕೆ ಬಂದರು. ಉಪ್ಪಿಟ್ಟು ತಿಂದಾದ ಮೇಲೆ ಹುಡುಗನ ಸೋದರಮಾವ, "ಒಂದು ಹಾಡು ಹೇಳಲಿ" ಅಂದರು. ಅಮ್ಮ ದೇವರನಾಮವೊಂದನ್ನು ವಾರಗಟ್ಟಲೆ ಕಲಿಸಿದ್ದಳು. ಹೆದರಿಕೆಯಲ್ಲಿ ಅದು ಅಕ್ಕನ ಬಾಯಿಗೆ ಬರಲಿಲ್ಲ. ಬಂದದ್ದು ಹೊಳೆಯ ಹಾಡು. ತಲೆ ತಗ್ಗಿಸಿ ಹಾಡಿದಳು, ಎಲ್ಲಿಗೆ ಅಂತ ಮೂರು ಸಲ ಅಂದಳು, ಚಾಪೆಯ ಪಕ್ಕದ ನೆಲಕ್ಕೆ ಬೆರಳಿನಿಂದ ಟಕ್ ಅಂತ ತಟ್ಟಿ ಮುಂದೆ ಹೋದಳು. ನಮಗದರಲ್ಲಿ ತಪ್ಪೇನೂ ಕಾಣಲಿಲ್ಲ. ಬಂದವರು ಮುಖ ಮುಖ ನೋಡಿಕೊಂಡರು. "ಗಂಟಲಲ್ಲಿ ಎಂತದಾದ್ರೂ ಸಿಕ್ಕಿತಾ ತಂಗಿ?" ಅಂತ ಆ ಮಾವ ಕೇಳಿದರು. ಹುಡುಗ ಮಾತ್ರ ನಕ್ಕುಬಿಟ್ಟ. "ಮೈಕ್ ಸೆಟ್ಟಿನವರ ಮಗಳಲ್ವಾ ಮಾವ, ಗೀರು ಸಮೇತ ಕಲ್ತಿದ್ದಾಳೆ." ಆ ನಗೆಗೇ ಸಂಬಂಧ ಕೂಡಿತು. ಮದುವೆಯ ದಿನ ಅಕ್ಕ ಹೊಸ್ತಿಲು ದಾಟುವಾಗ ಅಪ್ಪ ಆ ಪ್ಲೇಟು ಹಾಕಿದ. ಮುಳ್ಳು ಸಿಕ್ಕಿತು. ಅಪ್ಪ ತಟ್ಟಲಿಲ್ಲ. ಹಾರನ್ನಿನಿಂದ ಎಲ್ಲಿಗೆ, ಎಲ್ಲಿಗೆ ಅಂತ ಊರಿಗೆಲ್ಲ ಕೇಳುತ್ತಲೇ ಇತ್ತು, ಅಪ್ಪ ಪ್ಲೇಟು ಹಾಕುವ ಪೆಟ್ಟಿಗೆಯ ಮುಂದೆ ಕೂತವನು ಮುಖ ಮುಚ್ಚಿಕೊಂಡಿದ್ದ. ಕೊನೆಗೆ ನಾನೇ ಹೋಗಿ ತಟ್ಟಿದೆ.

ಕ್ಯಾಸೆಟ್ಟು ಬಂತು, ಪ್ಲೇಟು ಕೇಳುವವರು ಇಲ್ಲವಾದರು. ಅಪ್ಪ ಹೋದ, ಹಿಂದೆಯೇ ಅಮ್ಮ. ಕಾಗದದ ಅಂಗಿಗಳನ್ನು ಗೆದ್ದಲು ತಿಂದಿತು. ಅಪ್ಪನಿಗೆ ಗಂಡು ಸಂತಾನ ಇರಲಿಲ್ಲ, ಮನೆ ಬೇರೆಯವರ ಪಾಲಾಯಿತು. ಈಗ ಆ ಜಾಗದಲ್ಲಿ ಎರಡಂತಸ್ತಿನ ಕಟ್ಟಡ, ಕೆಳಗೆ ಮೊಬೈಲ್ ಅಂಗಡಿ. ಅಳಿಯ ಹಾಡು ಹಾಕಿಸಿಕೊಂಡು ಬಂದದ್ದೂ ಅದೇ ಅಂಗಡಿಯಲ್ಲಿ. ನಮ್ಮ ಮುಂದಿನ ಕೋಣೆ ಇದ್ದಲ್ಲೇ ನಿಂತು ಹಾಕಿಸಿದ್ದಾನೆ, ಪಾಪ, ಅವನಿಗೇನು ಗೊತ್ತು.

ತೊಟ್ಟಿಲ ಹತ್ತಿರ ನಿಂತು ಕೇಳುತ್ತಿದ್ದೆ. ಹಾಡು ಆ ಜಾಗಕ್ಕೆ ಬಂತು. ನನ್ನ ಬೆರಳು ತಾನಾಗಿ ಮೇಲೆದ್ದಿತು. ಆದರೆ ಮುಳ್ಳು ಸಿಕ್ಕಲಿಲ್ಲ, ಮುಳ್ಳೇ ಇಲ್ಲವಲ್ಲ. ಹುಡುಗಿ ಒಂದೇ ಸಲ ಎಲ್ಲಿಗೆ ಎಂದಳು, ಹೊಳೆ ಉತ್ತರ ಕೊಟ್ಟಿತು. ಸಮುದ್ರವೂ ಅಲ್ಲ, ಅಜ್ಜಿಮನೆಯೂ ಅಲ್ಲ. ಹೋಗುವ ಊರು ತನಗೆ ತಿಳಿಯದು, ಬಂದ ದಾರಿಯೂ ಮರೆತುಹೋಯಿತು ಎಂದು ಹೊಳೆ ಹೇಳುತ್ತದೆ. ಇಷ್ಟೇ ಇದ್ದದ್ದು. ಇದನ್ನು ಮೊದಲು ಅಕ್ಕನಿಗೆ ಹೇಳಬೇಕು ಅಂತ ಜೀವ ಹಾತೊರೆಯಿತು. ಅಕ್ಕ ಹೆಸರಿಡುವುದಕ್ಕೆ ಬಂದಿರಲಿಲ್ಲ. ಎರಡು ವರ್ಷದಿಂದ ಅವಳಿಗೆ ಮರೆವು. ಅವಳ ಸೊಸೆ ಲತಾ ಫೋನಿನಲ್ಲಿ ಹೇಳಿದ್ದಳು, "ಅತ್ತೆಗೆ ಈಗ ಯಾರ ಗುರುತೂ ಸಿಗೋದಿಲ್ಲ ಚಿಕ್ಕಮ್ಮ. ಮಗನಿಗೇ ನೀವ್ಯಾರು ಅಂತಾರೆ." ನಾನು ನಂಬಿರಲಿಲ್ಲ. ಯಾರನ್ನು ಮರೆತರೂ ನನ್ನನ್ನು ಮರೆಯುತ್ತಾಳೆಯೇ, ಈ ಹಾಡು ಕೇಳಿಸಿದರೆ ಪದ್ದಿ ಅನ್ನದೆ ಇರುತ್ತಾಳೆಯೇ ಅಂದುಕೊಂಡೆ.

ಮುಂದಿನ ವಾರ ಅಳಿಯನ ಮೊಬೈಲನ್ನು ಸೆರಗಿಗೆ ಕಟ್ಟಿಕೊಂಡು ಹೊರಟೆ. "ನಡುವಿನ ಗುಂಡಿ ಒತ್ತಿ ಅತ್ತೆ, ಕೆಂಪು ಮುಟ್ಟಬೇಡಿ, ಮುಟ್ಟಿದ್ರೆ ಹಾಡು ನಿಲ್ತದೆ" ಅಂತ ಹತ್ತು ಸಲ ಹೇಳಿಕೊಟ್ಟಿದ್ದ. ನರಸಿಂಹರಾಜಪುರದಲ್ಲಿ ಬಸ್ಸು ಬದಲಿಸಿ, ಕೊಪ್ಪದಲ್ಲಿ ಬದಲಿಸಿ, ಶೃಂಗೇರಿಯ ರಸ್ತೆಯಲ್ಲಿ ಅಕ್ಕನ ಮನೆಯ ಮುಂದೆ ಇಳಿಯುವವರೆಗೂ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ದಾರಿಯುದ್ದಕ್ಕೂ ಒಳಗೊಳಗೇ ನಗು. ಅಕ್ಕ ಜಗಲಿಯಲ್ಲಿ ಮಂಚದ ಮೇಲೆ ಕೂತಿದ್ದಳು. ಕೂದಲನ್ನು ಲತಾ ಚಂದಕ್ಕೆ ಬಾಚಿ ಗಂಟು ಹಾಕಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, "ಬನ್ನಿ" ಅಂದಳು. ಹುಟ್ಟಿದಂದಿನಿಂದ ಅಕ್ಕನ ಬಾಯಲ್ಲಿ ನನಗೆ ಬಹುವಚನ ಬಂದದ್ದು ಅದೇ ಮೊದಲು.

ಮಂಚದ ಮೇಲೆ ಅವಳ ಪಕ್ಕ ಕೂತೆ. ಕೂಸಿನ ಸುದ್ದಿ ಹೇಳಿದೆ. "ಒಳ್ಳೇದಾಗಲಿ" ಅಂದಳು, ದಾರಿಯಲ್ಲಿ ಸಿಕ್ಕವರಿಗೆ ಹೇಳುವ ಹಾಗೆ. ಗುಂಡಿ ಒತ್ತಿದೆ. ಕೊಳಲು ಬಂತು, ಹುಡುಗಿ ಬಂದಳು, ಹೊಳೆಯ ಉತ್ತರವೂ ಬಂದು ಹೋಯಿತು. ಅಕ್ಕನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಗೀರಿಲ್ಲದ ಈ ಹಾಡು ಅವಳಿಗೆ ಗೊತ್ತಿದ್ದ ಹಾಡೇ ಅಲ್ಲ, ಹೇಗೆ ಗುರುತು ಹಿಡಿಯಬೇಕು. ಮೊಬೈಲನ್ನು ಗಂಟಿಗೆ ಹಾಕಿ ನಾನೇ ಹಾಡಲು ಶುರುಮಾಡಿದೆ. ಗಂಟಲು ಬಿದ್ದುಹೋಗಿದೆ, ಉಸಿರು ಸಾಲದು. ಹೇಗೋ ಆ ಜಾಗಕ್ಕೆ ಬಂದೆ. ಎಲ್ಲಿಗೆ ಅಂದೆ. ಎಲ್ಲಿಗೆ. ಎಲ್ಲಿಗೆ. ಮುಂದಕ್ಕೆ ಸ್ವರ ಏಳಲಿಲ್ಲ.

ಅಕ್ಕನ ಬೆರಳು ಮಂಚದ ಮರಕ್ಕೆ ಟಕ್ ಅಂತ ತಟ್ಟಿತು. ಮುಂದಿನ ಸಾಲನ್ನು ಅವಳು ಹಾಡಿದಳು, ನೀರು ಎರಚುತ್ತಿದ್ದ ಕಾಲದ ಅದೇ ಸ್ವರದಲ್ಲಿ. ನನಗೆ ಅವಳನ್ನು ಎತ್ತಿಕೊಂಡು ಕುಣಿಯಬೇಕು ಅನ್ನಿಸಿತು. ಅವಳು ಹಾಡು ಮುಗಿಸಿ ನನ್ನನ್ನು ಅಚ್ಚರಿಯಿಂದ ನೋಡಿದಳು.

"ನಿಮಗೆ ಇದು ಹೇಗೆ ಬರ್ತದೆ?" ಅಂದಳು. "ಇದು ನಮ್ಮನೆ ಪ್ಲೇಟು. ನಂಗೆ, ನಮ್ಮ ಪದ್ದಿಗೆ, ಇಬ್ಬರಿಗೇ ಬರೋದು."

"ಪದ್ದಿ ಎಲ್ಲಿದ್ದಾಳೆ?" ಅಂತ ಕೇಳಿದೆ.

"ಅಪ್ಪನ ಜೊತೆ ಮದುವೆಮನೆಗೆ ಹೋಗಿದ್ದಾಳೆ. ಬರೋ ಹೊತ್ತಾಯ್ತು. ನೀವು ಕೂತಿರಿ, ಕಾಫಿ ಕುಡ್ಕೊಂಡು, ಅವಳನ್ನ ಮಾತಾಡ್ಸಿಕೊಂಡು ಹೋಗಿ. ಚೂಟಿ ಇದ್ದಾಳೆ."

ಲತಾ ಕಾಫಿ ತಂದಿಟ್ಟಳು. ಅದರ ಮೇಲೆ ಕೆನೆ ಕಟ್ಟಿತು. ಅಕ್ಕ ರಸ್ತೆಯ ಕಡೆಗೆ ತಿರುಗಿ ಕೂತಳು. ಬಸ್ಸು ಬಂದು ನಿಂತಾಗೊಮ್ಮೆ ಕತ್ತು ಎತ್ತಿ, ಯಾರು ಇಳಿದರು ಅಂತ ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಕೂತು ನಾನೂ ಕತ್ತು ಎತ್ತಿ ನೋಡುತ್ತಿದ್ದೆ.