ಬಾಣ ನೋಡದವನು

ಮಗಳನ್ನು ಶಾಲೆಗೆ ಸೇರಿಸಲು ಬಂದ ದಿನ ಅವನು ಮಗಳ ವಿಷಯ ಒಂದು ಮಾತೂ ಆಡಲಿಲ್ಲ. ನನ್ನ ಕೋಣೆಯ ಸ್ವಿಚ್‌ಬೋರ್ಡನ್ನೇ ನೋಡುತ್ತ ನಿಂತು, "ಮೇಷ್ಟ್ರೇ, ಇದನ್ನ ಹಾಕಿದ್ದು ಯಾರು? ತಲೆ ಇದ್ದೋರಲ್ಲ ಬಿಡಿ" ಎಂದ. ಹಾಕಿದವನು ನಾನೇ. ಅಂದೇ ಅವನಿಗೆ ಮನಸ್ಸಿನಲ್ಲಿ ಸರಿಯಣ್ಣನೆಂದು ಹೆಸರಿಟ್ಟೆ. ಮುಂದೆ ಪಕ್ಕದ ಮನೆಗೇ ಬಾಡಿಗೆಗೆ ಬಂದ. ನನ್ನ ಬಾಯಿಂದ ಜಾರಿದ ಹೆಸರು ಬೀದಿಗೆಲ್ಲ ಹರಡಿತು.

ಗಂಡಹೆಂಡಿರಿಬ್ಬರಿಗೂ ಒಂದೇ ಕಾರ್ಖಾನೆ. ದೊಡ್ಡ ಯಂತ್ರಗಳ ಕರೆಂಟನ್ನು ನೇರವಾಗಿ ಅಳೆಯಹೊರಟರೆ ಮಾಪಕವೇ ಸುಟ್ಟು ಬೂದಿ. ಅದಕ್ಕಾಗಿ ತಂತಿ ಸುತ್ತಿದ ಬಳೆಯಂಥ ಟ್ರಾನ್ಸ್‌ಫಾರ್ಮರನ್ನು ಕೇಬಲಿಗೆ ತೊಡಿಸುತ್ತಾರೆ. ಅದು ಹೊಳೆಯಷ್ಟು ಕರೆಂಟಿಗೆ ಬೊಗಸೆಯಷ್ಟು ಲೆಕ್ಕ ಒಪ್ಪಿಸುತ್ತದೆ. ವೋಲ್ಟೇಜಿಗೂ ಅಂಥದೇ ಕೆಲಸದ್ದು ಇನ್ನೊಂದು. ಇವೆರಡನ್ನೂ ತಯಾರಿಸುವುದು ಆ ಕಾರ್ಖಾನೆ. ತಂತಿ ಸುತ್ತುವವಳು ಹೆಂಡತಿ. ಅವನ್ನು ಗಿರಾಕಿಗಳ ಪ್ಯಾನೆಲ್ಲಿನಲ್ಲಿ, ಅಂದರೆ ಕರೆಂಟಿನ ಪೆಟ್ಟಿಗೆಯಲ್ಲಿ, ಕೂರಿಸುವ ಮಹಾಶಯ ಇವನು. ಬಳೆಯ ಮೇಲಿನ ಬಾಣ ಕರೆಂಟು ಹರಿಯುವ ದಿಕ್ಕಿಗೇ ಇರಬೇಕೆಂಬುದು ಮೊದಲ ಪಾಠ. ಮೊದಲ ಪಾಠವನ್ನು ಮತ್ತೆ ಓದುವುದು ದಡ್ಡರ ಕೆಲಸವೆಂಬುದು ಇವನ ಸಿದ್ಧಾಂತ.

ಒಮ್ಮೆ ಇವನು ಕಾಗದದ ಗಿರಣಿಯೊಂದರಲ್ಲಿ ಬಳೆ ಕೂರಿಸಿ ಬಂದ ಪ್ಯಾನೆಲ್, ಯಂತ್ರ ಚಾಲೂ ಮಾಡಿದಾಗಲೆಲ್ಲ ಗಿರಣಿಯನ್ನೇ ಆರಿಸಿಬಿಡತೊಡಗಿತು. ಒಳಬರುವ ಕರೆಂಟನ್ನೂ ಹೊರಹೋಗುವುದನ್ನೂ ಹೋಲಿಸಿ, ಸೋರಿಕೆ ಕಂಡರೆ ಬಂದ್ ಮಾಡುವುದು ಅದರ ಧರ್ಮ. ಸೋರಿಕೆಯೇ ಇಲ್ಲ, ಆದರೂ ಬಂದ್. ಸರಿಯಣ್ಣ ಕೂತಲ್ಲಿಂದಲೇ ತೀರ್ಪು ಕೊಟ್ಟ: ತಂತಿ ಉಲ್ಟಾ ಸುತ್ತಿದ್ದಾರೆ. ಸುತ್ತಿದವರಾರೆಂದು ಕಾರ್ಖಾನೆಗೆಲ್ಲ ಗೊತ್ತು. ಅದು ನಿಜವಾದರೆ ಆಕೆ ಇನ್ನು ಕೆಲಸಕ್ಕೆ ಬರುವುದು ಬೇಡವೆಂದರು ಕಾರ್ಖಾನೆಯ ಯಜಮಾನರು.

ಅಂದು ಸಂಜೆ ಗೋಡೆಯಾಚೆಯ ಮಾತು ನನಗೆ ಕೇಳಿಸಿತು; ಕೇಳಿಸಿಕೊಂಡೆ ಎಂದರೂ ತಪ್ಪಿಲ್ಲ.

"ನನ್ನ ಕೈ ತಪ್ಪಿದ್ರೆ ಮನೇಲಿ ಕೂರ್ತೀನಿ ಕಣ್ರೀ. ನಿಮ್ಮ ಕೈ ತಪ್ಪಿದ್ರೆ?"

"ನನ್ನ ಕೈ ತಪ್ಪಲ್ಲ."

"ಹೌದಲ್ವೇ, ಮರೆತೇಬಿಟ್ಟಿದ್ದೆ. ಮೊನ್ನೆ ಅಂಗಿ ಉಲ್ಟಾ ಹಾಕ್ಕೊಂಡು ಹೋದ್ರಲ್ಲ, ಅದೂ ಅಂಗಿದೇ ತಪ್ಪು."

ಮರುದಿನ ಗಿರಣಿಗೆ ಹೋಗಿ ಪ್ಯಾನೆಲ್ ಬಿಚ್ಚಿದ. ಜೊತೆಗೆ ಯಾರೂ ಇರಲಿಲ್ಲ. ತಂತಿ ಸರಿಯಾಗಿಯೇ ಇತ್ತು. ಬಳೆಯೊಂದು ಮಾತ್ರ ಮುನಿಸಿಕೊಂಡ ನೆಂಟನಂತೆ ಮುಖ ತಿರುಗಿಸಿ ಕುಳಿತು, ಹೊರಹೋಗುವ ಕರೆಂಟನ್ನು ಒಳಬರುವುದೆಂದು ಚಾಡಿ ಹೇಳುತ್ತಿತ್ತು. ಅದನ್ನು ತಿರುಗಿಸಿಟ್ಟು, ಕೆಟ್ಟ ಬಳೆ ತೆಗೆದು ಬೇರೆ ಹಾಕಿದೆನೆಂದು ಹೇಳಿದ್ದರೆ ಕೇಳುವವರಿರಲಿಲ್ಲ. ನನ್ನನ್ನು ಕೇಳಿದ್ದರೆ, ಅವನು ಹಾಗೆಯೇ ಮಾಡುವನೆಂದು ಬರೆದುಕೊಡುತ್ತಿದ್ದೆ.

ಅವನು ಯಜಮಾನರ ಮುಂದೆ ನಿಂತು, "ಬಾಣ ನೋಡದೆ ಹಾಕಿದೋನು ನಾನೇ ಸಾರ್. ಅವಳು ಸುತ್ತಿದ್ದು ಸರಿಯಾಗೇ ಇದೆ" ಎಂದನಂತೆ. ಅಷ್ಟು ಹೇಳುವಷ್ಟರಲ್ಲಿ ಅವನೆಷ್ಟು ಸಲ ಕೆಮ್ಮಿದನೆಂಬುದನ್ನು ಹೆಂಡತಿ ಈಗಲೂ ನಟಿಸಿ ತೋರಿಸುತ್ತಾಳೆ.

ಆಕೆಯ ಕೆಲಸ ಉಳಿಯಿತು. ಇವನನ್ನು ಪ್ಯಾನೆಲ್ಲಿನಿಂದ ಬಿಡಿಸಿ, ಬಳೆಗಳಿಗೆ ಗುರುತು ಹಾಕುವ ಮೇಜಿಗೆ ಕೂರಿಸಿದರು. ಹೆಂಡತಿಯ ಪಕ್ಕದ್ದೇ ಮೇಜು. ಯಜಮಾನರಿಗೆ ಶಿಕ್ಷೆ ಕೊಡಲು ಬರುತ್ತದೆ. ಈಗ ಬೀದಿಯ ಆ ತುದಿಗೂ ಕಾಣುವಂಥ ಕೆಂಪು ಬಾಣ ಬಳಿಯುತ್ತಾನೆ. ಉಳಿದ ಬಣ್ಣ ಮನೆಗೆ ಬಂದು ನಲ್ಲಿಗೆ, ಗೇಟಿಗೆ, ಕೊನೆಗೆ ನನ್ನ ಮನೆಯ ಸ್ವಿಚ್‌ಬೋರ್ಡಿಗೂ ಏರಿದೆ. ಕಾರ್ಖಾನೆಯಲ್ಲಂತೂ ಒಂದೊಂದು ಬಾಣ ಬಳಿಯುವ ಮುಂಚೆಯೂ ಪಕ್ಕದ ಮೇಜಿನತ್ತ ತಿರುಗಿ, "ಸರಿನಾ?" ಎನ್ನುತ್ತಾನೆ. ಆಕೆ ತಲೆಯೆತ್ತದೆ ತಂತಿ ಸುತ್ತುತ್ತಲೇ ಇದ್ದು, ಬೇಕೆಂದೇ ತುಸು ತಡಮಾಡಿ ಉತ್ತರ ಕೊಡುತ್ತಾಳೆ.